ಉಪ್ಪುನೀರಿನ ಇಲಿಗಳು

ಗುರುಪುರದ ಪುಟ್ಟಮಲ್ಲಪ್ಪ ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಇಲಿ ಸಾಕಿದ. ನಾನು ಅಲ್ಲೇ ಗುಮಾಸ್ತನಾಗಿದ್ದೆ. ಅವನಷ್ಟು ಒಳ್ಳೆಯ ಮನುಷ್ಯನನ್ನು ನಾನು ಕಂಡಿಲ್ಲ. ಆ ಒಳ್ಳೆಯತನ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅಕ್ಕನ ಮಗಳು ನೀಲಾಂಬಿಕೆಯನ್ನೇ ಅವನು ಮದುವೆಯಾಗಿದ್ದ. ಒಬ್ಬಳೇ ಮಗಳು ಪುಷ್ಪಾಳ ಸ್ನಾಯುಗಳು ವರ್ಷವರ್ಷಕ್ಕೂ ಸೊರಗುತ್ತಿದ್ದವು. ಹತ್ತನೇ ವಯಸ್ಸಿಗೆ ಗೋಡೆ ಹಿಡಿದು ನಡೆಯುತ್ತಿದ್ದಳು. ಜೀನಿನಲ್ಲೇ ದೋಷ, ಮದ್ದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು.

೨೦೦೩ರಲ್ಲಿ ಅದೇ ಕಾಯಿಲೆಯ ಇಲಿಗಳು ಅವನ ಕೈಗೇ ಬಂದವು. ವಿಜ್ಞಾನಿ ಶಾಂತಲಾ ಬಿಡಿಸಿ ಹೇಳಿದರು: “ಸರಿಯಾದ ಜೀನನ್ನ ವೈರಸ್ ಮೇಲೆ ಹೊರಿಸಿ ಕಳಿಸಿದ್ರೆ ದೇಹ ಜಗಳಕ್ಕೆ ನಿಲ್ಲುತ್ತೆ. ನಮ್ಮ ಔಷಧೀಲಿರೋದು ದೇಹಕ್ಕೆ ಒಗ್ಗೋ ಪಾಲಿಮರ್, ಒಂಥರಾ ಪ್ಲಾಸ್ಟಿಕ್ ಹೊದಿಕೆ. ಜೀನನ್ನ ಸುತ್ಕೊಂಡು ಸದ್ದಿಲ್ಲದೆ ಜೀವಕೋಶದೊಳಕ್ಕೆ ಹೋಗುತ್ತೆ.”

“ನನ್ ಮಗೀಗೂ ಆಯ್ತದಾ ಮೇಡಮ್?”

“ಮೊದಲು ಇಲಿ ಗೆಲ್ಲಲಿ.”

ಅರ್ಧ ಇಲಿಗಳಿಗೆ ಔಷಧಿಯ ಚುಚ್ಚುಮದ್ದು, ಹೋಲಿಸಿ ನೋಡಲೆಂದು ಉಳಿದರ್ಧಕ್ಕೆ ಬರೀ ಉಪ್ಪುನೀರಿನದು. ಮೂರು ತಿಂಗಳ ಮೇಲೆ ತಂತಿಗೆ ನೇತುಹಾಕಿ, ಯಾವುದು ಎಷ್ಟು ಹೊತ್ತು ಹಿಡಿದುಕೊಳ್ಳುತ್ತದೆ ಎಂದು ನೋಡುವುದು.

ಪುಟ್ಟಮಲ್ಲಪ್ಪ ಪಂಜರಗಳ ಪಕ್ಕದಲ್ಲೇ ಬುತ್ತಿ ಬಿಚ್ಚುತ್ತಿದ್ದ. ಎದುರಿಗಿರುವ ಜೀವಕ್ಕೆ ಒಂದು ತುತ್ತು ಎತ್ತಿಡದೆ ಉಣ್ಣುವ ಮನೆತನ ಅವನದಲ್ಲ. ಮದ್ದು ಸಿಗದ ಉಪ್ಪುನೀರಿನ ಇಲಿಗಳನ್ನು ಕಂಡರೆ ಪುಷ್ಪಾ ನೆನಪಾಗುತ್ತಿದ್ದಳು. ಮಗಳಿಗೆಂದು ನೀಲಾಂಬಿಕೆ ತುಪ್ಪ ಬೆಲ್ಲ ಹಾಕಿ ಕಲಸಿದ ರಾಗಿ ಹುರಿಹಿಟ್ಟನ್ನು ದಿನವೂ ತಂದು, ಗುಟ್ಟಾಗಿ, ಅವಕ್ಕೆ ಮಾತ್ರ ಹಾಕಿದ. ಹೊರಗಿನ ತಿನಿಸು ಕೂಡದೆಂಬ ನಿಯಮ ಗೊತ್ತಿತ್ತು. ಔಷಧಿಯ ಇಲಿಗಳಿಗೇನೂ ಹಾಕುತ್ತಿಲ್ಲವಲ್ಲ, ಪರೀಕ್ಷೆ ಕೆಡುವುದಿಲ್ಲ ಎಂದುಕೊಂಡ.

ಪರೀಕ್ಷೆಯ ದಿನ ಎರಡೂ ಗುಂಪು ಸಮಸಮ ನೇತಾಡಿದವು. ಪಾಲಿಮರ್‌ನಿಂದ ಲಾಭವಿಲ್ಲ ಎಂದು ಬರೆದು, ಇಲಿಗಳನ್ನೆಲ್ಲ ಕೊಂದು, ಯೋಜನೆ ಮುಚ್ಚಿದರು.

“ಔಷಧಿ ಇಲ್ಲದವು ಬೇಗ ಬೀಳ್ಬೇಕಿತ್ತು ಪುಟ್ಟಮಲ್ಲಪ್ಪ. ಬೀಳಲೇ ಇಲ್ಲ,” ಎಂದರು ಶಾಂತಲಾ.

ಅವನು ಹುರಿಹಿಟ್ಟಿನ ವಿಷಯ ಹೇಳಿದ. ಅವರು ಬೈಯಲೂ ಇಲ್ಲ. “ಅವು ಹಿಟ್ಟಿನ ಬಲದಿಂದ ಹಿಡ್ಕೊಂಡ್ವು; ಔಷಧಿ ಗೆದ್ದಿದ್ರೂ ನಮಗೆ ಕಾಣ್ಲಿಲ್ಲ. ಮತ್ತೆ ಮಾಡೋಕೆ ಇಲೀನೂ ಇಲ್ಲ, ಒಪ್ಪಿಗೇನೂ ಸಿಗಲ್ಲ,” ಎಂದು ಬಾಗಿಲು ಹಾಕಿಕೊಂಡರು.

ಆ ಸಂಜೆ ಅವನು ಊರಿಗೆ ಬಂದಾಗ, ಪರೀಕ್ಷೆಯ ವಿಷಯ ಅಪ್ಪನಿಂದಲೇ ಕೇಳಿದ್ದ ಪುಷ್ಪಾ ಗೋಡೆ ಹಿಡಿದು ಜಗಲಿಯಲ್ಲಿ ಕಾಯುತ್ತಿದ್ದಳು.

“ಅಪ್ಪಾ, ಇಲಿಗಳು ತಂತಿ ಹಿಡ್ಕಂಡ್ವಾ?”

“ಊಂ ಕಣವ್ವ. ಎಲ್ಲಾ ಹಿಡ್ಕಂಡ್ವು.”

ಪುಷ್ಪಾ ಚಪ್ಪಾಳೆ ತಟ್ಟಲು ಗೋಡೆಯಿಂದ ಎರಡೂ ಕೈ ಬಿಟ್ಟಳು, ಬಿದ್ದಳು.