ನಾನು ತಲೆ ಆಡಿಸಿದ್ದಕ್ಕೆ ಕಾರು ಸ್ಟಾರ್ಟ್ ಆಯಿತು

ನಮಸ್ಕಾರ. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಎಲ್ಲಾದರೂ ಒತ್ತಕ್ಷರ ಜಾರಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. (ಎಸ್ಸೆಸ್ಸೆಲ್ಸಿ ಪಾಸಾಗಿದ್ದೇ ಮೂವತ್ತೆರಡನೇ ವಯಸ್ಸಿಗೆ. ವೆಲ್ಡಿಂಗ್ ಮಾತ್ರ ಹದಿನೆಂಟಕ್ಕೇ ಬಂದಿತ್ತು.)

ಹೋದ ತಿಂಗಳು ಕೌಲಾಲಂಪುರದಲ್ಲಿ ಒಬ್ಬ ಮನುಷ್ಯನನ್ನು ಕೊಲ್ಲುವುದರಲ್ಲಿದ್ದೆ. ಬರೀ ತಲೆ ಆಡಿಸಿ.

ಅಲ್ಲಿನ ವೆಲ್ಡಿಂಗ್ ಗುತ್ತಿಗೆ ಮುಗಿಸಿ ನಮ್ಮೂರು ಜನ್ನಾಪುರಕ್ಕೆ ಬಂದು ಹದಿನೈದು ದಿನವಾಯಿತು. ಬಸ್ಸಿನಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: "ಹಾಲಿವುಡ್ ಶೂಟಿಂಗಲ್ಲಿ ಇದ್ರಂತೆ? ಹೀರೋಯಿನ್ ನೋಡಿದ್ರಾ?" ಇಲ್ಲ ಸ್ವಾಮಿ. ನಾನು ನೋಡಿದ್ದು ಕಬ್ಬಿಣ.

ಫೈಟಿಂಗ್ ಸಿನಿಮಾ. ಸಿಟಿ ಮಧ್ಯದ ರಸ್ತೆ ಬಂದ್. ಕಾರೊಂದು ಕಬ್ಬಿಣದ ಇಳಿಜಾರು ಹತ್ತಿ, ನಿಂತ ಬಸ್ಸಿನ ಮೇಲಿಂದ ಹಾರಬೇಕು. ಆ ಇಳಿಜಾರಿನ ಕಾಲುಗಳನ್ನು ಬೇರೆ ಯಾರೋ ಬೆಸೆದಿದ್ದರು. ಕೊನೇ ಸಲ ನೋಡಲು ನನ್ನನ್ನು ಕರೆದರು. ನನ್ನ ಜೊತೆಗೆ ಸಲೀಂ. ಶಿವಮೊಗ್ಗದವನು, ಶೂಟಿಂಗಿನ ಲಾರಿ ಡ್ರೈವರ್, ನನ್ನ ಇಂಗ್ಲಿಷ್ ಬಾಯಿ.

ಭದ್ರಾವತಿಯಲ್ಲಿ ನಮ್ಮ ಮೇಸ್ತ್ರಿ ಕಲಿಸಿದ್ದು: ಬೆಸುಗೆಯನ್ನು ಕಣ್ಣಲ್ಲಿ ನೋಡಬೇಡ, ಸುತ್ತಿಗೆಯಲ್ಲಿ ತಟ್ಟಿ ಕೇಳು. ಮೂರು ಕಾಲು ಟಣ್ ಅಂದವು. ನಾಲ್ಕನೆಯದು ದಬ್ ಅಂತು. ಅದಕ್ಕೆ ಬರೀ ಟ್ಯಾಕ್ ಹಾಕಿದ್ದರು, ಅಂದರೆ ಸದ್ಯಕ್ಕೆ ನಿಲ್ಲಲಿ ಅಂತ ಇಟ್ಟ ನಾಲ್ಕು ಚುಕ್ಕೆ.

ಅಷ್ಟರಲ್ಲಿ ಬಿಳಿ ಸೂಪರ್‌ವೈಸರ್ ಬಂದು "ರೆಡಿ?" ಅಂದ. ನಾನು ತಲೆ ಆಡಿಸಿದೆ. ನಮ್ಮ ಕಡೆ ಆಡಿಸುತ್ತೇವಲ್ಲ, ಆ ಕಡೆ ಈ ಕಡೆ, ತೂಗಿದ ಹಾಗೆ? ಕೇಳಿಸ್ತು, ಇರಿ, ಹೇಳ್ತೀನಿ ಅಂತ.

ಅವನು ವಾಕಿಟಾಕಿಯಲ್ಲಿ ಏನೋ ಅಂದ. ದೂರದಲ್ಲಿ ಕಾರು ಸ್ಟಾರ್ಟ್ ಆಯಿತು.

ಕೂಗಲು ಇಂಗ್ಲಿಷ್ ಎಲ್ಲಿದೆ? ಸಲೀಂ ದೂರದಲ್ಲಿ ಲಾರಿ ಹತ್ತಿರ ಇದ್ದ. ಇಳಿಜಾರು ಹತ್ತಿ ಮಧ್ಯದಲ್ಲಿ ಕೂತುಬಿಟ್ಟೆ.

ಸಲೀಂ ಓಡಿ ಬಂದ. "ರುದ್ರಣ್ಣ, ಇಳೀರಿ ಮಾರಾಯ್ರೆ! ಕೆಲ್ಸ ಹೋಗುತ್ತೆ!"

"ಹೋಗ್ಲಿ. ನಾಲ್ಕನೇ ಕಾಲು ಕಚ್ಚಾ ಇದೆ ಅಂತ ಹೇಳು."

"ಈಗ್ತಾನೆ ಹೂಂ ಅಂದ್ಯಲ್ಲ ಅಂತಾನೆ ಅವ್ನು."

"ಹೂಂ ಎಲ್ಲಂದೆ? ತಲೆ ಆಡಿಸ್ದೆ."

"ಅವ್ರಿಗೆ ಎರಡೂ ಒಂದೇ ಕಣ್ರೀ!"

ಸೂಪರ್‌ವೈಸರ್ ಮುಖ ಕೆಂಪಾಯಿತು. ಇಬ್ಬರು ಬಂದು ನನ್ನ ರಟ್ಟೆ ಹಿಡಿದರು. ನಾನು ಕಂಬಿ ಹಿಡಿದೆ. ಬಿಡಲಿಲ್ಲ.

ಆಗ ಕಾರಿನಿಂದ ಡ್ರೈವರ್ ಇಳಿದು ಬಂದ. ಹೀರೋ ಅಲ್ಲ, ಹೀರೋ ಬದಲಿಗೆ ಹಾರುವವನು. ಹೆಲ್ಮೆಟ್ ತೆಗೆದರೆ ತಲೆಯೆಲ್ಲ ನರೆತಿದೆ. ಸಲೀಂ ಅವನಿಗೆ ಎಲ್ಲ ಹೇಳಿದ. ಅವನು ನನ್ನ ಸುತ್ತಿಗೆ ತೆಗೆದುಕೊಂಡು ಒಂದೊಂದೇ ಕಾಲಿಗೆ ತಟ್ಟಿದ. ಟಣ್. ಟಣ್. ಟಣ್. ದಬ್.

ಸುತ್ತಿಗೆ ಕೆಳಗಿಟ್ಟು, ಮೇಲೆ ಹತ್ತಿ, ನನ್ನ ಪಕ್ಕದಲ್ಲೇ ಕೂತ. ಇನ್ನು ನಮ್ಮಿಬ್ಬರನ್ನು ಎಬ್ಬಿಸುವವರು ಯಾರು?

ಒಂದು ಗಂಟೆ ಶೂಟಿಂಗ್ ನಿಂತಿತು. ನಾನೇ ಬೆಸೆದೆ. ಕಾರು ಹಾರಿತು. (ನಾನು ಕಣ್ಣು ಮುಚ್ಚಿಕೊಂಡಿದ್ದೆ. ಚಪ್ಪಾಳೆ ಕೇಳಿದ ಮೇಲೇ ಬಿಟ್ಟಿದ್ದು.)

ಆಮೇಲೆ ಹಾರಿದವನು ಬಂದು ಕೇಳಿದ್ದನ್ನು ಸಲೀಂ ಕನ್ನಡದಲ್ಲಿ ಹೇಳಿದ: "ಮೊದ್ಲೇ ಯಾಕೆ ಹೇಳ್ಲಿಲ್ಲ ಅಂತಾರೆ."

ಟ್ಯಾಕ್ ಹಾಕಿ ಬಿಟ್ಟವನು ಯಾರೋ. ಆದರೆ ಆ ಕಾರು ಸ್ಟಾರ್ಟ್ ಆದದ್ದು ನನ್ನಿಂದ. ಎಷ್ಟು ಕಡೆ ಹೀಗೇ ಮಾಡಿದ್ದೇವೆ ಹೇಳಿ? ಡಾಕ್ಟರ್ ಮುಂದೆ, ಮೇಲಧಿಕಾರಿ ಮುಂದೆ, ಹೆಣ್ಣು ಕೇಳಲು ಬಂದವರ ಮುಂದೆ? ಈಗ ನಾನು ತೀರ್ಮಾನ ಮಾಡಿದ್ದೇನೆ. ಆಗಲ್ಲ ಅನ್ನುವುದನ್ನು ಬಾಯಲ್ಲೇ ಹೇಳುತ್ತೇನೆ.

ನಿಮ್ಮ ಕಥೆ ಬರೆದು ಕಳಿಸಿ: ನೀವು ಸುಮ್ಮನೆ ತಲೆ ಆಡಿಸಿದಾಗ, ಎದುರಿಗೆ ಕಾರಿನಲ್ಲಿ ಯಾರು ಕೂತಿದ್ದರು?