ಕತ್ತರಿಯಕ್ಕನ ಅಳತೆ

ಹೊಲಿಗೆ ಅಂಗಡಿಯಲ್ಲಿ ಎಲ್ಲರಿಗೂ ಆಕೆ ಕತ್ತರಿಯಕ್ಕ. ಬಟ್ಟೆ ಕತ್ತರಿಸುವುದು ಆಕೆಯ ಕೆಲಸ. ನಾಲಿಗೆಯೂ ಅಷ್ಟೇ ಹರಿತ. ಆದರೆ ಗಿರಾಕಿಯ ಅಳತೆಯನ್ನು ಮಾತ್ರ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಟೇಪು ಸುತ್ತಿ, ಅಂಕಿ ನೋಡಿ, ಸುಮ್ಮನೆ ಬರೆದುಕೊಳ್ಳುತ್ತಾಳೆ. "ಸೊಂಟದ ಸುದ್ದಿ ಊರಿಗೆ ಯಾಕೆ?" ಎನ್ನುತ್ತಾಳೆ.

ಎರಡನೆಯ ಹೆರಿಗೆಯ ನಂತರ ಆಕೆಯ ತೂಕ ಏರಿತು, ಮಾತು ಇಳಿಯಿತು. ಬೇಸರವಾದರೆ ತಿನ್ನುವುದು, ತಿಂದದ್ದಕ್ಕೆ ಮತ್ತೆ ಬೇಸರ. ಆರು ವರ್ಷ ತನ್ನ ಮೈಗೆ ಟೇಪು ಮುಟ್ಟಿಸಲಿಲ್ಲ. ತನ್ನ ಬಟ್ಟೆಗಳನ್ನು ಅಂದಾಜಿನ ಮೇಲೆ ಗೋಣಿಚೀಲದಂತೆ ಹೊಲಿದುಕೊಂಡಳು. ಹಾಸಿಗೆಯಿಂದ ಏಳುವುದೇ ಬೇಡವೆನಿಸಿದ ದಿನಗಳಿದ್ದವು. ಕೊನೆಗೆ ಗಂಡ ಡಾಕ್ಟರಮ್ಮನ ಬಳಿ ಕರೆದೊಯ್ದ.

"ಮೊದಲು ಬಂದಿದ್ದು ಬೊಜ್ಜಾ, ಬೇಸರಾನಾ?" ಎಂದು ಕೇಳಿದಳು ಕತ್ತರಿಯಕ್ಕ.

"ಎರಡೂ ಒಂದನ್ನೊಂದು ಸಾಕ್ತಿವೆ ಕಣಮ್ಮ," ಎಂದರು ಡಾಕ್ಟರಮ್ಮ. "ಮೊದಲು ಮನಸ್ಸಿಗೆ ಔಷಧಿ ಶುರು ಮಾಡೋಣ."

ಎಂಟು ತಿಂಗಳು ಮಾತ್ರೆ, ವಾರಕ್ಕೊಮ್ಮೆ ಮಾತುಕತೆ, ಸಂಜೆಯ ನಡಿಗೆ. ತೂಕ ಇಳಿದದ್ದು ಮೂರೇ ಕೆಜಿ. ಆದರೆ ನಿದ್ದೆ ಮರಳಿತು, ನಾಲಿಗೆಯ ಹರಿತವೂ ಮರಳಿತು. ಅಷ್ಟರಲ್ಲಿ ತಂಗಿಯ ಮದುವೆ ನಿಶ್ಚಯವಾಯಿತು. ಅದಕ್ಕೆ ಹೋಗಲಾರೆ ಎಂಬ ಹಟವೊಂದೇ ಸಡಿಲವಾಗಲಿಲ್ಲ.

"ನೀನು ಬರದಿದ್ರೆ ನಾನು ಮದುವೇನೇ ಆಗಲ್ಲ," ಎಂದು ತಂಗಿ ಫೋನಿನಲ್ಲಿ ಅತ್ತಳು.

"ಹಾಕ್ಕೊಳ್ಳೋಕೆ ಏನೂ ಇಲ್ಲ ಕಣೆ," ಎಂದಳು ಅಕ್ಕ, ಬಟ್ಟೆಯ ರಾಶಿಗಳ ನಡುವೆ ನಿಂತು.

ಇದು ಗುಂಡಿಯಕ್ಕನ ಕಿವಿಗೆ ಬಿತ್ತು. ಮೂವತ್ತು ವರ್ಷದಿಂದ ಅಲ್ಲೇ ಗುಂಡಿ ಹೊಲಿಯುವ ಹೆಂಗಸು. ಆಕೆಯ ಕಣ್ಣಳತೆ ತಪ್ಪಿದರೆ ಹೆಚ್ಚೆಂದರೆ ಅರ್ಧ ಇಂಚು. ಮರುದಿನ ನೀಲಿ ಬಟ್ಟೆಯನ್ನೂ ಒಂದು ಅಳತೆ ಚೀಟಿಯನ್ನೂ ಮೇಜಿನ ಮೇಲಿಟ್ಟಳು. "ಹೊಸ ಗಿರಾಕಿ. ಗೌನು ಬೇಕಂತೆ."

ಕತ್ತರಿಯಕ್ಕ ಚೀಟಿ ಓದಿದಳು. "ತುಂಬಿದ ಮೈ. ಇಂಥವರಿಗೆ ಹೊಲಿಯೋದೇ ಖುಷಿ ಅಕ್ಕ, ಬಟ್ಟೆ ಚೆನ್ನಾಗಿ ಕೂರುತ್ತೆ. ಕಡ್ಡಿ ಪೈಲ್ವಾನರಿಗೆ ಹೊಲಿದ್ರೆ ಹ್ಯಾಂಗರಿಗೆ ಹೊಲಿದ ಹಾಗೆ."

ಮೂರು ದಿನ ಆ ಮೈಕಟ್ಟನ್ನು ಹೊಗಳುತ್ತಲೇ ಮನಸ್ಸಿಟ್ಟು ಹೊಲಿದಳು. ಮದುವೆಗೆ ಎರಡೇ ದಿನ ಉಳಿದಿತ್ತು. ಗಿರಾಕಿಯ ಸುಳಿವಿಲ್ಲ.

"ನೀನೇ ಒಂದ್ಸಲ ಹಾಕು. ಅಂಚು ಎಲ್ಲಿ ಮಡಚಬೇಕು ನೋಡ್ತೀನಿ," ಎಂದಳು ಗುಂಡಿಯಕ್ಕ.

"ನನ್ನ ಮೈಗೆಲ್ಲಿ ಆಗುತ್ತೆ? ಹರಿದ್ರೆ ಗಿರಾಕಿಗೆ ನೀನೇ ಉತ್ತರ ಹೇಳು."

ಗೊಣಗುತ್ತಲೇ ಪರದೆಯ ಹಿಂದೆ ಹೋದಳು. ಆಮೇಲೆ ಆಕೆ ಗೌನು ತೊಟ್ಟು, ಸೊಂಟದ ಬಳಿ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಹೊರಬಂದಳು.

"ಇಲ್ಲಿ ಅರ್ಧ ಇಂಚು ಸಡಿಲ."

"ವಯಸ್ಸಾಯ್ತು ಕಣೆ. ಕಣ್ಣು ಮಂಜಾಗಿದೆ."

ಕತ್ತರಿಯಕ್ಕ ಚೀಟಿಯನ್ನು ನೋಡಿದಳು, ಗುಂಡಿಯಕ್ಕನನ್ನು ನೋಡಿದಳು. "ಹಾಗಾದ್ರೆ ಮೂರು ದಿನ ನಾನು ಹೊಗಳಿದ್ದು ನನ್ನನ್ನೇನಾ?"

"ಬಾಯ್ತುಂಬ! ಅಂಗಡಿಯವರೆಲ್ಲ ಸಾಕ್ಷಿ."

ಇಬ್ಬರೂ ನಕ್ಕ ನಗುವಿಗೆ ಹೊಲಿಗೆ ಯಂತ್ರಗಳು ನಿಂತವು. ಆ ಅರ್ಧ ಇಂಚನ್ನು ಕತ್ತರಿಯಕ್ಕ ಆಗಲೇ ಕೂತು ಒಳಕ್ಕೆ ಹಿಡಿದು ಹೊಲಿದುಕೊಂಡಳು.

ಮದುವೆಯ ದಿನ ತಂಗಿ ಬಾಗಿಲಿಗೇ ಓಡಿಬಂದು ತಬ್ಬಿಕೊಂಡಳು. ತಾವೂ ತೆಳ್ಳಗೇನೂ ಇಲ್ಲದ ದೊಡ್ಡಮ್ಮ ಹಿಂದೆಯೇ ಬಂದರು. "ಏನೇ, ಇಷ್ಟು ದಪ್ಪ ಆಗಿಬಿಟ್ಟಿದ್ದೀಯಾ!"

"ಹೌದು ದೊಡ್ಡಮ್ಮ," ಎಂದಳು ಕತ್ತರಿಯಕ್ಕ, ಗೌನಿನ ಅಂಚು ಹಿಡಿದು ಒಂದು ಸುತ್ತು ತಿರುಗಿ. "ಹೇಗಿದೆ? ನಿಮಗೂ ಒಂದು ಹೊಲಿದು ಕೊಡ್ತೀನಿ ಬನ್ನಿ. ನಿಮ್ಮ ಅಳತೆ ಯಾರಿಗೂ ಹೇಳಲ್ಲ."