ಎರಡು ಕಡೆ ಕಂಡ ಒಂದೇ ಡೈರೆಕ್ಟರಿ

ತಮ್ಮ ಒಂದೇ ಪ್ರಶ್ನೆ ಕೇಳಿದ್ದ: “ನೀ ಏನರ ಅಳಿಸಿದೇನಕ್ಕಾ?” ಇಲ್ಲ ಎಂದೆ. ಹೌದು ಎನ್ನಲು ನನಗೆ ಹನ್ನೊಂದು ದಿನ ಬೇಕಾಯಿತು.

ಎಂಬತ್ತರ ದಶಕದ ಕೊನೆ. ಕುರುಗೋಡಿನಿಂದ ದಿನಾ ಬಸ್ಸಿಗೆ ಬಂದು, ಕೌಲ್ ಬಜಾರಿನ ಅವನ ಬಾಡಿಗೆ ಕೋಣೆಯಲ್ಲಿ ಟೈಪು ಮಾಡಿಕೊಡುತ್ತಿದ್ದೆ. ಓದಿದ್ದು ಏಳನೇ ತರಗತಿ. ಟೈಪಿಂಗ್ ಮಾತ್ರ ಕೈಗೆ ಹತ್ತಿತ್ತು. ಕಾಲೇಜಿನ ಯುನಿಕ್ಸ್ ಯಂತ್ರಕ್ಕೆ ಬರೆದ ಪ್ರೋಗ್ರಾಮುಗಳು ನಮ್ಮ ಡಾಸ್ ಕಂಪ್ಯೂಟರಿನಲ್ಲೂ ಓಡಲೆಂದು ಅವನು ಎರಡರ ನಡುವೆ ದುಭಾಷಿಯಂಥ ಒಂದು ಪದರ ಕಟ್ಟುತ್ತಿದ್ದ. ಅವನ ಮೇಷ್ಟರು ಬಂದು ನೋಡುವವರಿದ್ದರು; ಅದು ಸರಿಯಾಗಿ ನಡೆದರೆ ಕಾಲೇಜಿನಲ್ಲೇ ಕೆಲಸ ಕೊಡಿಸುವವರಿದ್ದರು.

ಆ ಪದರದಲ್ಲಿ ಲಿಂಕ್ ಎಂಬುದೊಂದಿತ್ತು. ನೋಡಲು ಫೈಲುಗಳನ್ನಿಡುವ ಡೈರೆಕ್ಟರಿ, ಒಳಗೆ ಏನೂ ಇಲ್ಲ. ಅಸಲು ಡೈರೆಕ್ಟರಿ ಎಲ್ಲಿದೆ ಎಂಬ ಗುರುತಷ್ಟೇ. ತೆರೆದರೆ ಅಲ್ಲಿನ ಫೈಲುಗಳೇ ಕಾಣುತ್ತವೆ. ಅವನು ಹೇಳಿಕೊಟ್ಟಾಗ ತಲೆಯಾಡಿಸಿದ್ದೆ, ಅರ್ಥವಾಗಿರಲಿಲ್ಲ. ಒಂದು ಮಧ್ಯಾಹ್ನ, ಅವನಿಲ್ಲದಾಗ, ಡಿಸ್ಕ್ ತುಂಬಿತು. ಅವನ ಕೆಲಸದ ಅವೇ ಫೈಲುಗಳು ಎರಡು ಕಡೆ ಕಂಡವು. ನಕಲು ಯಾಕೆ ಜಾಗ ತಿನ್ನಬೇಕು ಎಂದು, ಲಿಂಕನ್ನು ಒಳಗಿನದರ ಸಮೇತ ಅಳಿಸಿದೆ. ಗುರುತು ಹೋಗಿ ಅಸಲು ಉಳಿಯಬೇಕಿತ್ತು. ಅವನ ಪದರ ಆ ಗುರುತನ್ನೇ ಹಿಡಿದು ಅಸಲಿನೊಳಗೆ ಹೋಗಿ ಎಲ್ಲವನ್ನೂ ಅಳಿಸಿತು. ಎರಡೂ ಕಡೆ ಖಾಲಿ.

ಹಳೆಯ ಫ್ಲಾಪಿಯಲ್ಲಿ ಅರ್ಧ ಸಿಕ್ಕಿತು. ಉಳಿದದ್ದನ್ನು ಪ್ರಿಂಟಾದ ಕಾಗದ ನೋಡಿ ನಾನೇ ಮತ್ತೆ ಟೈಪು ಮಾಡಿದೆ. ಫೈಲುಗಳು ಯಾಕೆ ಹೋದವೆಂದು ಹುಡುಕುತ್ತ ಅವನು ಲಿಂಕ್ ತೆರೆದು ನೋಡಿದ, ಓದಿ ನೋಡಿದ, ಅದರ ಮೂಲಕ ಬರೆದು ನೋಡಿದ. ಎಲ್ಲ ಸರಿ! ಮತ್ತೆ ಮೊದಲಿನಿಂದ. ಒಮ್ಮೆ ಅಳಿಸಿ ನೋಡೋ ಎಂದು ನಾನು ಹೇಳಿದ್ದರೆ ಸಾಕಿತ್ತು. ಅವನ ಮುಂದೆ ದಡ್ಡಿ ಎನಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ನನ್ನ ಮೇಲಿನ ಸಿಟ್ಟಿಗೆ ಕೀಲಿಗಳನ್ನು ಕುಟ್ಟುತ್ತಿದ್ದೆ.

“ಉಣ್ಣಾಕ ಬಾರೋ.”

“ನೀ ಉಣ್ಣಕ್ಕಾ. ಈ ಡಬ್ಬಿ ಎರಡು ತಿಂಗಳ ಕೆಲಸ ಉಂಡು ಕುಂತೈತಿ, ಅದನ್ನ ನೋಡೇ ನನ್ನ ಹೊಟ್ಟಿ ತುಂಬೇತಿ.”

ಹನ್ನೊಂದನೆಯ ದಿನ ಅವನು ಮೇಷ್ಟರಿಗೆ ಚೀಟಿ ಬರೆದ.

“ಬರಬ್ಯಾಡ್ರಿ ಅಂತ ಬರ್ದೀನಿ. ಯಾಕ ಕೆಡತೈತಿ ಅಂತ ನನಗ ಗೊತ್ತಿಲ್ಲ, ಕಾಲೇಜಿನ ಹುಡುಗರ ಕೈಗೆ ಹೆಂಗ ಕೊಡ್ಲಿ? ಸಿರುಗುಪ್ಪಕ್ಕ ಹೋಗಿ ರೇಡಿಯೋ ರಿಪೇರಿ ಮಾಡತೀನಿ, ಬಿಡು.”

ಚೀಟಿಯನ್ನು ಅವನ ಕೈಯಿಂದ ಕಿತ್ತುಕೊಂಡೆ.

“ಯಾಕ ಅಂತ ನಾ ಹೇಳತೀನಿ. ನಕಲು ಅನ್ಕೊಂಡು ಲಿಂಕ್ ಅಳಿಸಿದಾಕಿ ನಾನು. ಅಳಿಸೋ ಕಡೆ ನಿನ್ನ ಪ್ರೋಗ್ರಾಮಿನಾಗ ತಪ್ಪೈತಿ, ಅದನ್ನ ನೀ ತಿದ್ದತಿ. ಕೇಳಿದಾಗ ಇಲ್ಲ ಅಂದೆನಲ್ಲ, ಆ ತಪ್ಪು ನಂದು. ಮಾಫ್ ಮಾಡೋ ತಮ್ಮಾ.”